ಮನೆ, ನೆಲ, ಮೈಬಣ್ಣ: ಅಮೆರಿಕದ ಸ್ಥಳೀಯ ಆಡಳಿತಕ್ಕೆ ಏನು ಸಾಧ್ಯ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಅಮೆರಿಕದ ನಗರ ಯೋಜನಾ ಆಯೋಗ, ವಸತಿ ಇಲಾಖೆ, ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಕಚೇರಿಗಳಲ್ಲಿ ಇರುವ ಕನ್ನಡಿಗರಿಂದಲೂ ಸಾರ್ವಜನಿಕ ಆಡಳಿತ ಓದುತ್ತಿರುವ ವಿದ್ಯಾರ್ಥಿಗಳಿಂದಲೂ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲವೂ ಒಂದೇ ವಿಷಯಕ್ಕೆ ಸೇರಿದವು: ವಸತಿ ಮತ್ತು ಅಭಿವೃದ್ಧಿಯಲ್ಲಿ ಜನಾಂಗೀಯ ಸಮತೆ ತರಲು ಸರ್ಕಾರಿ ಅಧಿಕಾರಿಯೊಬ್ಬರು ತಮ್ಮ ಮೇಜಿನಿಂದ ಏನು ಮಾಡಬಹುದು?

ಪ್ರಶ್ನೆ: ವಸತಿಯಲ್ಲಿ ಜನಾಂಗಭೇದ ಮಾಡಬಾರದು ಎಂದು ಅಮೆರಿಕದಲ್ಲಿ 1968ರಲ್ಲೇ ಕಾಯ್ದೆ ಬಂತು. ಇನ್ನು ಎಲ್ಲರಿಗೂ ಒಂದೇ ನಿಯಮ ಹಾಕಿ ಸುಮ್ಮನಿದ್ದರೆ ಸಾಲದೆ?

ಉತ್ತರ: ಸಾಲದು. ಕಾಯ್ದೆ ಬರುವ ಹೊತ್ತಿಗೆ ಊರುಗಳನ್ನು ಕಟ್ಟಿ ಆಗಿತ್ತು. ಯಾವ ಬೀದಿಯಲ್ಲಿ ಯಾವ ಬಣ್ಣದವರು ವಾಸಿಸಬೇಕೆಂದು ಬಾಲ್ಟಿಮೋರ್ ನಗರ 1910ರಲ್ಲೇ ಕಾನೂನು ಮಾಡಿತು. ಅಂಥದ್ದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1917ರಲ್ಲಿ ಲೂಯಿವಿಲ್ ನಗರದ ಪ್ರಕರಣದಲ್ಲಿ ಹೇಳಿದ ಮೇಲೆ, ಬಣ್ಣದ ಹೆಸರೆತ್ತದೆ ಅದೇ ಕೆಲಸ ಮಾಡುವ ದಾರಿಗಳನ್ನು ಊರುಗಳು ಹುಡುಕಿಕೊಂಡವು. ದೊಡ್ಡ ಸೈಟು ಕಡ್ಡಾಯ, ಒಂದು ಸೈಟಿಗೆ ಒಂದೇ ಕುಟುಂಬದ ಮನೆ, ಬಾಡಿಗೆ ಕಟ್ಟಡಕ್ಕೆ ಜಾಗವೇ ಇಲ್ಲ. ಆಸ್ಟಿನ್ ನಗರದ 1928ರ ಯೋಜನೆ ಕಪ್ಪು ಜನರ ಶಾಲೆ, ಉದ್ಯಾನಗಳನ್ನು ಊರಿನ ಪೂರ್ವ ಭಾಗದಲ್ಲಿ ಮಾತ್ರ ಇರಿಸಿ ಅವರನ್ನು ಅತ್ತ ಹೋಗುವಂತೆ ಮಾಡಿತು. 1930ರ ದಶಕದಲ್ಲಿ ಫೆಡರಲ್ ಸರ್ಕಾರದ ಗೃಹಸಾಲ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆದು, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ, ಅಂದರೆ ಸಾಲ ಕೊಡಲು ಅಪಾಯಕಾರಿ ಎಂಬ ಗುರುತು, ಹಾಕಿತು. 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತ ಬಿಳಿಯರ ಹೊಸ ಉಪನಗರಗಳ ಸಾಲಕ್ಕೆ ವಿಮೆ ಕೊಟ್ಟಿತು, ಕಪ್ಪು ಜನರಿಗೆ ಮಾರಬಾರದೆಂಬ ಷರತ್ತನ್ನು ಕ್ರಯಪತ್ರದಲ್ಲಿ ಸೇರಿಸಲು ಪ್ರೋತ್ಸಾಹಿಸಿತು.

ಆಗ ಮನೆ ಕೊಂಡವರ ಮಕ್ಕಳು, ಮೊಮ್ಮಕ್ಕಳಿಗೆ ಆ ಮನೆಯ ಬೆಲೆ ಆಸ್ತಿಯಾಗಿ ಬಂತು. ಕೊಳ್ಳಲು ಬಿಡದವರ ಮೊಮ್ಮಕ್ಕಳು ಇಂದಿಗೂ ಬಾಡಿಗೆ ಕಟ್ಟುತ್ತಿದ್ದಾರೆ. ಬಿಳಿಯ ಕುಟುಂಬಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರಕ್ಕೆ ಸ್ವಂತ ಮನೆಯಿದೆ. ಕಪ್ಪು ಕುಟುಂಬಗಳಲ್ಲಿ ಅರ್ಧಕ್ಕೂ ಇಲ್ಲ. ಇಂಥ ಊರಿನಲ್ಲಿ ಅರ್ಧ ಎಕರೆಯ ಸೈಟು ಕಡ್ಡಾಯವೆಂಬ ನಿಯಮವನ್ನು ಎಲ್ಲರಿಗೂ ಸಮನಾಗಿ ಹಾಕಿದರೂ ಅದು ಎಲ್ಲರಿಗೂ ಸಮನಾಗಿ ತಾಗುವುದಿಲ್ಲ.

ಇನ್ನೊಂದು ಮಾತು. 1968ರ ಕಾಯ್ದೆ ಭೇದ ಮಾಡಬೇಡಿ ಎಂದಷ್ಟೇ ಹೇಳಿ ನಿಲ್ಲಲಿಲ್ಲ. ವಸತಿಗೆ ಸಂಬಂಧಿಸಿದ ಫೆಡರಲ್ ಕಾರ್ಯಕ್ರಮಗಳನ್ನು ನ್ಯಾಯಯುತ ವಸತಿ ಮುಂದುವರಿಯುವ ರೀತಿಯಲ್ಲಿ ನಡೆಸಬೇಕೆಂದೂ ಹೇಳಿತು. ಆ ಹಣ ಪಡೆಯುವ ನಗರ, ಕೌಂಟಿಗಳು ಇದಕ್ಕೆ ಮುಚ್ಚಳಿಕೆ ಬರೆದುಕೊಡುತ್ತವೆ. ಅದು ಬರಿಯ ಕಾಗದವಲ್ಲ ಎಂಬುದು ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಗೆ 2009ರಲ್ಲಿ ಗೊತ್ತಾಯಿತು. ಸುಳ್ಳು ಮುಚ್ಚಳಿಕೆ ಕೊಟ್ಟ ಆರೋಪದ ಮೊಕದ್ದಮೆಯನ್ನು ಅದು 6 ಕೋಟಿ 25 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಸಿ, 750 ಅಗ್ಗದ ಮನೆ ಕಟ್ಟಿಸಲು ಒಪ್ಪಬೇಕಾಯಿತು.

ಪ್ರಶ್ನೆ: ಯೋಜನಾ ಆಯೋಗಕ್ಕೆ ಹೊಸದಾಗಿ ನೇಮಕವಾಗಿದ್ದೇನೆ. ಎರಡು ವಾರಕ್ಕೊಮ್ಮೆ ಕಡತಗಳ ಕಂತೆ ಬರುತ್ತದೆ: ಝೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ನಿಯಮ) ಬದಲಾವಣೆ, ಹೊಸ ಬಡಾವಣೆ, ನಿಯಮ ಸಡಿಲಿಸುವ ಅರ್ಜಿ. ಸಮತೆಯ ದೃಷ್ಟಿಯಿಂದ ಒಂದು ಕಡತವನ್ನು ಓದುವುದು ಹೇಗೆ?

ಉತ್ತರ: ಸಿಯಾಟಲ್ ನಗರ ತನ್ನ ಇಲಾಖೆಗಳಿಗಾಗಿ ಜನಾಂಗೀಯ ಸಮತೆಯ ಪ್ರಶ್ನಾವಳಿಯೊಂದನ್ನು ಬಳಕೆಗೆ ತಂದಿತು, ಬೇರೆ ಊರುಗಳೂ ಅದನ್ನು ತಮಗೆ ತಕ್ಕಂತೆ ತಿದ್ದಿಕೊಂಡಿವೆ. ಬಾಸ್ಟನ್ 2021ರ ಜನವರಿಯಲ್ಲಿ ನ್ಯಾಯಯುತ ವಸತಿಯ ಪರಿಶೀಲನೆಯನ್ನು ಝೋನಿಂಗ್ ಸಂಹಿತೆಗೇ ಸೇರಿಸಿತು. ನ್ಯೂಯಾರ್ಕ್ ನಗರದಲ್ಲಿ 2022ರ ಜೂನ್‌ನಿಂದ ಕೆಲವು ಬಗೆಯ ದೊಡ್ಡ ಭೂಬಳಕೆ ಅರ್ಜಿಗಳ ಜೊತೆ ಜನಾಂಗೀಯ ಸಮತೆಯ ವರದಿ ಕೊಡಲೇಬೇಕು. ನಿಮ್ಮ ಊರಿನಲ್ಲಿ ಇದಾವುದೂ ಇಲ್ಲದಿದ್ದರೂ ಕೇಳಬೇಕಾದ ಪ್ರಶ್ನೆಗಳನ್ನು ನೀವೇ ಕೇಳಬಹುದು.

ಮೊದಲು, ಈಗ ಅಲ್ಲಿ ಯಾರಿದ್ದಾರೆ? ಜನಗಣತಿ ಇಲಾಖೆಯ ಅಮೆರಿಕನ್ ಸಮುದಾಯ ಸಮೀಕ್ಷೆಯ 5 ವರ್ಷದ ಅಂಕಿಅಂಶ ತೆಗೆಯಿರಿ. ಸುಮಾರು 4,000 ಜನರಿರುವ ಗಣತಿ ವಲಯಗಳ ಮಟ್ಟದಲ್ಲಿ ಅದು ಸಿಗುತ್ತದೆ. ಬಾಡಿಗೆದಾರರೆಷ್ಟು, ಆದಾಯದ 30%ಕ್ಕಿಂತ ಹೆಚ್ಚು ಬಾಡಿಗೆಗೇ ಸುರಿಯುವವರೆಷ್ಟು, 50% ದಾಟಿದವರೆಷ್ಟು ಎಂಬುದನ್ನು ಜನಾಂಗವಾರು ಬಿಡಿಸಿ ನೋಡಿ. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಪ್ರತಿ ಅಂಕಿಯ ಪಕ್ಕದಲ್ಲಿ ದೋಷದ ಮಿತಿ ಕೊಟ್ಟಿರುತ್ತಾರೆ. 120 ಕುಟುಂಬ, ಮಿತಿ 90 ಎಂದಿದ್ದರೆ ನಿಜ ಸಂಖ್ಯೆ 30ರಿಂದ 210ರ ನಡುವೆ ಎಲ್ಲಾದರೂ ಇರಬಹುದು, ಆ ಅಂಕಿಯಿಂದ ಏನನ್ನೂ ಹೇಳಲಾಗದು. ಅಕ್ಕಪಕ್ಕದ ವಲಯಗಳನ್ನು ಸೇರಿಸಿ ಲೆಕ್ಕ ಹಾಕಿ.

ಎರಡನೆಯದು, ಲಾಭ ಯಾರಿಗೆ, ಹೊರೆ ಯಾರಿಗೆ? ಹೆಚ್ಚು ಮಹಡಿಗೆ ಅನುಮತಿ ಕೊಟ್ಟ ದಿನವೇ ಜಾಗದ ಬೆಲೆ ಏರುತ್ತದೆ. ಆ ಏರಿಕೆ ಮಾಲೀಕರದ್ದು, ಬಾಡಿಗೆದಾರರದ್ದಲ್ಲ. ಕಟ್ಟಡ ಕೆಡವುವುದಿದ್ದರೆ ಒಳಗೆ ಎಷ್ಟು ಕುಟುಂಬಗಳಿವೆ, ಅವರು ಈಗ ಕಟ್ಟುವ ಬಾಡಿಗೆ ಎಷ್ಟು ಎಂದು ಅರ್ಜಿದಾರರಿಂದ ಲಿಖಿತವಾಗಿ ಕೇಳಿ. ‘ಸದ್ಯ ಖಾಲಿ’ ಎಂಬ ಉತ್ತರ ಬಂದರೆ, ಯಾವಾಗಿನಿಂದ ಖಾಲಿ ಎಂದೂ ಕೇಳಿ. ಅರ್ಜಿ ಹಾಕುವ ಮೊದಲೇ ಗುತ್ತಿಗೆ ನವೀಕರಿಸದೆ ಜನರನ್ನು ಹೊರಹಾಕಿರುವುದುಂಟು.

ಮೂರನೆಯದು, ಬೇರೆ ದಾರಿ ನೋಡಿದ್ದಾರೆಯೇ? ಇಂಥ ಪರಿಶೀಲನೆಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಸಿಬ್ಬಂದಿ ವರದಿ ಸಿದ್ಧವಾಗಿ, ವಿಚಾರಣೆಯ ದಿನ ಗೊತ್ತಾಗಿ, ಸಾಲದ ಒಪ್ಪಂದಕ್ಕೂ ಸಹಿ ಬಿದ್ದ ಮೇಲೆ ಸಮತೆಯ ಹಾಳೆಯೊಂದನ್ನು ಹಿಂದೆ ಲಗತ್ತಿಸಿದರೆ ಯಾರೂ ಏನನ್ನೂ ಬದಲಾಯಿಸುವುದಿಲ್ಲ. ಅರ್ಜಿಗೆ ಮುಂಚಿನ ಸಭೆಯಲ್ಲೇ, ನಕ್ಷೆ ಇನ್ನೂ ಪೆನ್ಸಿಲಿನಲ್ಲಿರುವಾಗ, ಪ್ರಶ್ನೆ ಬರಬೇಕು. ಯೋಜನೆ ಮಂಡಿಸಿದ ಇಲಾಖೆಯೇ ಅದರ ಸಮತೆಯನ್ನೂ ಪರಿಶೀಲಿಸಿದರೆ ‘ಪರಿಣಾಮವಿಲ್ಲ’ ಎಂಬ ಸಾಲು ಕಡತದಿಂದ ಕಡತಕ್ಕೆ ನಕಲಾಗುತ್ತಾ ಹೋಗುತ್ತದೆ. ನೋಡುವವರು ಬೇರೆ ಇರಲಿ.

ಕೊನೆಗೆ, ಒಪ್ಪಿದ್ದು ಎಲ್ಲಿ ದಾಖಲಾಗುತ್ತದೆ? ಡೆವಲಪರ್ ಸಭೆಯಲ್ಲಿ ಆಡಿದ ಮಾತಿಗೂ ಮೇಯರಿಗೆ ಬರೆದ ಪತ್ರಕ್ಕೂ ಬೆಲೆಯಿಲ್ಲ. ಅನುಮತಿಯ ಷರತ್ತಿನಲ್ಲಿ, ಅಭಿವೃದ್ಧಿ ಒಪ್ಪಂದದಲ್ಲಿ, ಆಸ್ತಿಯ ನೋಂದಣಿ ದಾಖಲೆಯಲ್ಲಿ ಇದ್ದರೆ ಮಾತ್ರ ಮಾಲೀಕರು ಬದಲಾದ ಮೇಲೂ ಅದು ಉಳಿಯುತ್ತದೆ.

ಪ್ರಶ್ನೆ: ಒಂಟಿ ಕುಟುಂಬದ ಮನೆ ಮಾತ್ರ ಎಂಬ ಝೋನಿಂಗ್ ತೆಗೆದರೆ ಸಮತೆ ಬರುತ್ತದೆಯೇ?

ಉತ್ತರ: ತೆಗೆಯಲೇಬೇಕು, ಆದರೆ ಅದೊಂದರಿಂದಲೇ ಬರುವುದಿಲ್ಲ. ಮಿನ್ನಿಯಾಪೊಲಿಸ್ ನಗರ 2018ರ ಡಿಸೆಂಬರಿನಲ್ಲಿ ಒಪ್ಪಿದ ಯೋಜನೆಯಲ್ಲಿ ಊರಿನ ಯಾವುದೇ ವಸತಿ ಸೈಟಿನಲ್ಲಿ 3 ಮನೆಗಳವರೆಗೆ ಕಟ್ಟಬಹುದೆಂದು ಬರೆಯಿತು. ಒರೆಗಾನ್ ರಾಜ್ಯ 2019ರಲ್ಲಿ 10,000ಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಜೋಡಿ ಮನೆಗೆ, ಇನ್ನೂ ದೊಡ್ಡ ನಗರಗಳಲ್ಲಿ 4 ಮನೆಗಳವರೆಗೆ ದಾರಿ ಮಾಡಿತು. ಮಿನ್ನಿಯಾಪೊಲಿಸ್‌ನಲ್ಲಿ ಆ ಬಳಿಕ 3 ಮನೆಗಳ ಕಟ್ಟಡ ಎದ್ದದ್ದು ಕಡಿಮೆ. ಹೊಸ ಮನೆಗಳಲ್ಲಿ ಹೆಚ್ಚಿನವು ಬಂದದ್ದು ಬಸ್ಸು, ರೈಲು ಓಡುವ ರಸ್ತೆಗಳ ಪಕ್ಕದ ದೊಡ್ಡ ಕಟ್ಟಡಗಳಿಂದ. ಪಾರ್ಕಿಂಗ್ ಕಡ್ಡಾಯವನ್ನು ತೆಗೆದದ್ದೂ ಅದಕ್ಕೆ ನೆರವಾಯಿತು.

ಕಾರಣ ಸರಳ. 3 ಮನೆಗೆ ಅನುಮತಿ ಕೊಟ್ಟು, ಎತ್ತರದ ಮಿತಿ, ಬದಿಗಳಲ್ಲಿ ಬಿಡಬೇಕಾದ ಜಾಗ, ಮನೆಗೆ ಎರಡು ಕಾರಿನ ನಿಲುಗಡೆ ಇವನ್ನೆಲ್ಲ ಹಳೆಯ ಹಾಗೇ ಉಳಿಸಿದರೆ ಸೈಟಿನಲ್ಲಿ 3 ಮನೆ ಹಿಡಿಸುವುದೇ ಇಲ್ಲ. ನಿಯಮ ಬದಲಿಸುವ ಮುನ್ನ ಊರಿನ ಮಾಮೂಲಿ ಅಳತೆಯ ಒಂದು ಸೈಟನ್ನು ತೆಗೆದುಕೊಂಡು, ವಾಸ್ತುಶಿಲ್ಪಿಯೊಬ್ಬರಿಂದ ಅದರ ಮೇಲೆ 3 ಮನೆ ಬರೆಸಿ ನೋಡಿ. ಯಾವ ಸಾಲು ಅಡ್ಡ ಬರುತ್ತದೆಂದು ಒಂದೇ ದಿನದಲ್ಲಿ ತಿಳಿಯುತ್ತದೆ.

ಎಲ್ಲಿ ಬದಲಿಸುತ್ತೀರಿ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಕೌನ್ಸಿಲಿನಲ್ಲಿ ವಿರೋಧ ಕಡಿಮೆ ಇರುವ ಕಡೆ, ಅಂದರೆ ಬಡವರ, ಬಾಡಿಗೆದಾರರ, ಕಪ್ಪು ಜನರ ಬಡಾವಣೆಗಳಲ್ಲಿ ಮಾತ್ರ ಎತ್ತರದ ಕಟ್ಟಡಕ್ಕೆ ಅನುಮತಿ ಕೊಟ್ಟು, ಸಿರಿವಂತ ಬಡಾವಣೆಗಳನ್ನು ಮುಟ್ಟದೆ ಬಿಡುವುದು ಊರೂರಿನ ರೂಢಿ. ಆಗ ಕೆಡವುವ ಒತ್ತಡವೆಲ್ಲ ಒಂದೇ ಕಡೆ ಬೀಳುತ್ತದೆ. ಒಳ್ಳೆಯ ಶಾಲೆ, ಉದ್ಯೋಗ, ಸಾರಿಗೆ ಇರುವಲ್ಲಿ ಮೊದಲು ತೆರೆಯಿರಿ. ಒಕ್ಕಲೆಬ್ಬಿಸುವ ಭಯವಿರುವಲ್ಲಿ ಬಾಡಿಗೆದಾರರ ರಕ್ಷಣೆ ಜಾರಿಗೆ ಬಂದ ಮೇಲೆ ತೆರೆಯಿರಿ.

ಪ್ರಶ್ನೆ: ನಮ್ಮ ನಗರದಲ್ಲಿ ‘ಕೈಗೆಟುಕುವ ಮನೆ’ಗಳು ಸಾಕಷ್ಟು ಎದ್ದಿವೆ. ಆದರೂ ಅದೇ ಬಡಾವಣೆಯ ಹಳೆಯ ನಿವಾಸಿಗಳಿಗೆ ಅವು ಸಿಗುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಾಲ್ಕು ಕಡೆ ತಪ್ಪಬಹುದು, ಸಾಮಾನ್ಯವಾಗಿ ನಾಲ್ಕರಲ್ಲೂ ತಪ್ಪಿರುತ್ತದೆ.

ಮೊದಲನೆಯದು ಆದಾಯದ ಲೆಕ್ಕ. ಕೈಗೆಟುಕುವ ಬಾಡಿಗೆಯನ್ನು ಇಡೀ ಮಹಾನಗರ ಪ್ರದೇಶದ ಮಧ್ಯಾಂಕ ಆದಾಯದ (ಅರ್ಧ ಕುಟುಂಬಗಳು ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಗಳಿಸುವ ಮಟ್ಟ) ಮೇಲೆ ಕಟ್ಟುತ್ತಾರೆ. ಸಿರಿವಂತ ಉಪನಗರಗಳೂ ಅದರೊಳಗೆ ಸೇರುತ್ತವೆ. ಉದಾಹರಣೆಗೆ, ನಾಲ್ವರ ಕುಟುಂಬಕ್ಕೆ ಆ ಆದಾಯ 1,00,000 ಡಾಲರ್ ಎನ್ನಿ. 80% ಮಟ್ಟದ ಮನೆ 80,000 ಡಾಲರ್ ಗಳಿಸುವವರಿಗೆ ಲೆಕ್ಕ ಹಾಕಿದ್ದು. ಅದರ 30% ಬಾಡಿಗೆಯೆಂದರೆ ತಿಂಗಳಿಗೆ 2,000 ಡಾಲರ್. ನಿಮ್ಮ ಬಡಾವಣೆಯ ಕುಟುಂಬ 45,000 ಗಳಿಸುತ್ತಿದ್ದರೆ ಅದಕ್ಕೆ ತಡೆಯುವುದು 1,125 ಡಾಲರ್. ಆ ‘ಅಗ್ಗದ’ ಮನೆ ಅವರಿಗೆ ಹೆಚ್ಚುಕಡಿಮೆ ಎರಡರಷ್ಟು ದುಬಾರಿ. ಆದ್ದರಿಂದ ಶೇಕಡಾ ಎಷ್ಟು ಮನೆ ಎಂಬುದರ ಜೊತೆಗೆ ಯಾವ ಮಟ್ಟದ ಮನೆ ಎಂದು ಕೇಳಿ. 80% ಮಟ್ಟದ 20 ಮನೆಗಳಿಗಿಂತ 40–50% ಮಟ್ಟದ 10 ಮನೆಗಳು ಹೆಚ್ಚು ಉಪಯೋಗಕ್ಕೆ ಬರುವ ಬಡಾವಣೆಗಳಿವೆ. ಮಟ್ಟ ಇಳಿದಷ್ಟೂ ಕಟ್ಟುವವರ ಆದಾಯ ಇಳಿಯುತ್ತದೆ. ಆ ಕೊರತೆ ತುಂಬಲು ನಗರದ ಸ್ವಂತ ಜಾಗ, ಶುಲ್ಕ ವಿನಾಯಿತಿ, ಹೆಚ್ಚುವರಿ ಮಹಡಿ, ಬಾಡಿಗೆ ವೋಚರ್ (ಬಾಡಿಗೆಯ ಒಂದು ಭಾಗವನ್ನು ಸರ್ಕಾರ ಕಟ್ಟುವ ನೆರವು) ಇವುಗಳಲ್ಲಿ ಯಾವುದನ್ನು ಕೊಡುತ್ತೀರಿ ಎಂದು ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಕಟ್ಟಡವೇ ಏಳದು.

ಎರಡನೆಯದು ಕೋಣೆಗಳ ಸಂಖ್ಯೆ. ಮನೆಗಳ ಸಂಖ್ಯೆಯನ್ನಷ್ಟೇ ನಿಯಮದಲ್ಲಿ ಬರೆದರೆ ಡೆವಲಪರ್ ಆ ಪಾಲಿಗೆ ಒಂದು ಕೋಣೆಯ ಮನೆಗಳನ್ನೇ ತೋರಿಸುತ್ತಾರೆ. ಮಕ್ಕಳಿರುವ ಕುಟುಂಬ ಹೊರಗುಳಿಯುತ್ತದೆ. ಮಾರುಕಟ್ಟೆ ದರದ ಮನೆಗಳಲ್ಲಿ ಎಷ್ಟೆಷ್ಟು ಮಲಗುವ ಕೋಣೆಗಳಿವೆಯೋ ಅದೇ ಪ್ರಮಾಣ ಇಲ್ಲೂ ಇರಲಿ, 3 ಕೋಣೆಯ ಮನೆಗಳ ಕನಿಷ್ಠ ಪಾಲು ಇಷ್ಟು ಎಂದಿರಲಿ.

ಮೂರನೆಯದು ಹಂಚುವ ಬಗೆ. ಮೊದಲು ಬಂದವರಿಗೆ ಮೊದಲು ಎಂದರೆ ಮನೆಯಲ್ಲಿ ಕಂಪ್ಯೂಟರ್, ಕಚೇರಿಯಲ್ಲಿ ಬಿಡುವು ಇದ್ದವರಿಗೆ ಮೊದಲು ಎಂದಾಯಿತು. ಕೆಲವು ವಾರ ಅರ್ಜಿ ತೆರೆದಿಟ್ಟು ಲಾಟರಿ ಎತ್ತಿ. ಕ್ರೆಡಿಟ್ ಅಂಕದ ಬದಲು 12 ತಿಂಗಳು ಬಾಡಿಗೆ ಸರಿಯಾಗಿ ಕಟ್ಟಿದ ದಾಖಲೆಯನ್ನು ಒಪ್ಪಬಹುದು. ಬಂಧನವಾಗಿತ್ತು ಎಂಬುದನ್ನಷ್ಟೇ ನೋಡಿ ತಿರಸ್ಕರಿಸುವುದು ಬೇಡ. ಶಿಕ್ಷೆ ಆಗಿದ್ದರೆ ಯಾವ ಅಪರಾಧ, ಎಷ್ಟು ವರ್ಷದ ಹಿಂದಿನದು ಎಂದು ನೋಡಿ. ಪ್ರತಿ ಹಂತದಲ್ಲಿ (ಅರ್ಜಿ, ಲಾಟರಿ, ದಾಖಲೆ ಪರಿಶೀಲನೆ, ಗುತ್ತಿಗೆ) ಎಷ್ಟು ಜನ ಉಳಿದರೆಂದು ಜನಾಂಗವಾರು ಲೆಕ್ಕವಿಡಿ. ಜನ ಕಳಚಿಕೊಳ್ಳುವುದು ಬಹುಪಾಲು ದಾಖಲೆ ಪರಿಶೀಲನೆಯಲ್ಲಿ, ಮತ್ತು ಅದನ್ನು ಸರಿಪಡಿಸುವುದು ನಗರದ ಕೈಯಲ್ಲೇ ಇದೆ.

ನಾಲ್ಕನೆಯದು ಅವಧಿ. ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿ 1970ರ ದಶಕದಲ್ಲೇ ಹೊಸ ಬಡಾವಣೆಗಳಲ್ಲಿ ಅಗ್ಗದ ಮನೆಗಳ ಪಾಲನ್ನು ಕಡ್ಡಾಯ ಮಾಡಿತು. ಇಂದು 20 ಅಥವಾ ಹೆಚ್ಚು ಮನೆಗಳಿರುವ ಯೋಜನೆಯಲ್ಲಿ ಕನಿಷ್ಠ 12.5% ಹೀಗಿರಬೇಕು. ಅವುಗಳಲ್ಲಿ ಒಂದು ಪಾಲನ್ನು ಕೌಂಟಿಯ ವಸತಿ ಸಂಸ್ಥೆಯೇ ಕೊಂಡು ಕಡುಬಡವರಿಗೆ ಬಾಡಿಗೆಗೆ ಕೊಡಬಹುದು. ನಾವು ಈ ಕ್ಷೇತ್ರದಲ್ಲಿ ಕಂಡ ಅತ್ಯುತ್ತಮ ನಿಯಮಗಳಲ್ಲಿ ಇದೊಂದು. ಆದರೆ ಮೊದಲಿಗೆ ಮಾರಾಟದ ಮನೆಗಳ ಮೇಲಿನ ಬೆಲೆ ನಿಯಂತ್ರಣ 5 ವರ್ಷಕ್ಕೆ, ಆಮೇಲೆ 10 ವರ್ಷಕ್ಕೆ ಮುಗಿಯುತ್ತಿತ್ತು. ಸಾವಿರಾರು ಮನೆಗಳು ಮಾರುಕಟ್ಟೆ ದರಕ್ಕೆ ಹೋದವು. 2005ರಿಂದ ಮಾರಾಟಕ್ಕೆ 30 ವರ್ಷ, ಬಾಡಿಗೆಗೆ 99 ವರ್ಷ ಮಾಡಿದರು. ನಿಮ್ಮ ನಿಯಮದಲ್ಲಿ ಮೊದಲ ದಿನದಿಂದಲೇ 99 ಬರೆಯಿರಿ.

ಮನೆ ಕಟ್ಟುವ ಬದಲು ಹಣ ಕಟ್ಟಬಹುದೆಂಬ ಅವಕಾಶದ ಬಗ್ಗೆಯೂ ಎಚ್ಚರವಿರಲಿ. ಒಂದು ಮನೆಗೆ ತಗಲುವ ನಿಜ ವೆಚ್ಚಕ್ಕಿಂತ ಆ ಶುಲ್ಕ ಕಡಿಮೆಯಿದ್ದರೆ ಎಲ್ಲರೂ ಹಣವನ್ನೇ ಕಟ್ಟುತ್ತಾರೆ. ಆ ಹಣದಲ್ಲಿ ಜಾಗ ಅಗ್ಗವಿರುವ ಕಡೆ ಕಟ್ಟಡ ಏಳುತ್ತದೆ. ಹಳೆಯ ಕೆಂಪು ನಕ್ಷೆಯೇ ಮತ್ತೆ ಮೂಡುತ್ತದೆ.

ಪ್ರಶ್ನೆ: ಸ್ಥಳೀಯರಿಗೆ ಆದ್ಯತೆ ಕೊಡುವುದು ಸರಿಯೋ ತಪ್ಪೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ‘ಸ್ಥಳೀಯರು’ ಯಾರು ಎಂಬುದರ ಮೇಲೆ ನಿಂತಿದೆ. ಬಿಳಿಯರೇ ತುಂಬಿರುವ ಉಪನಗರವೊಂದು ನಮ್ಮೂರಿನವರಿಗೆ ಮೊದಲು ಎಂದರೆ ಅದು ಗೇಟು ಹಾಕಿದಂತೆ. ನ್ಯೂಯಾರ್ಕ್ ನಗರ ಲಾಟರಿ ಮನೆಗಳಲ್ಲಿ ಅರ್ಧವನ್ನು ಆಯಾ ಪ್ರದೇಶದವರಿಗೇ ಮೀಸಲಿಡುತ್ತಿತ್ತು. ಇದು ಪ್ರತ್ಯೇಕತೆಯನ್ನು ಉಳಿಸುತ್ತದೆ ಎಂಬ ಮೊಕದ್ದಮೆ ವರ್ಷಗಟ್ಟಲೆ ನಡೆದು, 2024ರ ರಾಜಿಯಲ್ಲಿ ಆ ಪಾಲು 20%ಕ್ಕೆ ಇಳಿಯಿತು, ಮುಂದೆ 15% ಆಗಲಿದೆ.

ಅದೇ ಪೋರ್ಟ್‌ಲ್ಯಾಂಡಿನ ಉತ್ತರ ಮತ್ತು ಈಶಾನ್ಯ ಭಾಗದ ನೀತಿ ನೋಡಿ. ನಗರದ ಪುನರಭಿವೃದ್ಧಿಯಿಂದ ಅಲ್ಲಿಂದ ಎತ್ತಂಗಡಿಯಾದವರು ಮತ್ತು ಅವರ ಸಂತತಿಗೆ ಮೊದಲ ಸ್ಥಾನ. ಅರ್ಜಿಯಲ್ಲಿ ಜನಾಂಗ ಕೇಳುವುದಿಲ್ಲ, ಹಿಂದಿನ ವಿಳಾಸ ಕೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಕೂಡ ವೆಸ್ಟರ್ನ್ ಅಡಿಷನ್, ಹಂಟರ್ಸ್ ಪಾಯಿಂಟ್ ಪ್ರದೇಶಗಳಲ್ಲಿ ಮನೆ ಕಳೆದುಕೊಂಡವರಿಗೆ ಆದ್ಯತಾ ಪತ್ರ ಕೊಟ್ಟಿತ್ತು. 2021ರ ರಾಜ್ಯ ಕಾನೂನಿನಿಂದ ಅದು ವಂಶಸ್ಥರಿಗೂ ವಿಸ್ತರಿಸಿತು. ನೀವು ಬರೆಯುವಾಗ ಆದ್ಯತೆಯನ್ನು ಸರ್ಕಾರ ಮಾಡಿದ ಹಾನಿಗೆ ಕಟ್ಟಿ, ಊರಿನ ಗಡಿಗೆ ಕಟ್ಟಬೇಡಿ. ಜಾರಿಗೆ ಮುನ್ನ ಹಳೆಯ ಅರ್ಜಿದಾರರ ಪಟ್ಟಿಯ ಮೇಲೆ ಆ ನಿಯಮ ಓಡಿಸಿ, ಯಾವ ಜನಾಂಗಕ್ಕೆ ಎಷ್ಟು ಮನೆ ಸಿಗುತ್ತಿತ್ತು ಎಂದು ಲೆಕ್ಕ ತೆಗೆಯಿರಿ. ಒಂದು ಜನಾಂಗ ಪೂರಾ ಹೊರಗುಳಿಯುವಂತಿದ್ದರೆ ಆದ್ಯತೆಯ ಪಾಲನ್ನು ತಗ್ಗಿಸಿ.

ಪ್ರಶ್ನೆ: ನೇರವಾಗಿ ಜನಾಂಗ ನೋಡಿ ಸಹಾಯ ಕೊಡಬಹುದೇ? ಫೆಡರಲ್ ಸರ್ಕಾರ ಈಗ ಸಮತೆ ಎಂಬ ಮಾತನ್ನೇ ಬೇಡವೆನ್ನುತ್ತಿದೆಯಲ್ಲ?

ಉತ್ತರ: ನಗರವೊಂದು ಜನಾಂಗದ ಆಧಾರದ ಮೇಲೆ ಸೌಲಭ್ಯ ಹಂಚಿದರೆ ನ್ಯಾಯಾಲಯ ಅದನ್ನು ಅತ್ಯಂತ ಕಠಿಣ ಪರೀಕ್ಷೆಗೆ ಒಡ್ಡುತ್ತದೆ. ರಿಚ್‌ಮಂಡ್ ನಗರ ಅಲ್ಪಸಂಖ್ಯಾತರ ಸಂಸ್ಥೆಗಳಿಗೆಂದು ಕಾಮಗಾರಿ ಗುತ್ತಿಗೆಗಳಲ್ಲಿ ಇಟ್ಟಿದ್ದ ಮೀಸಲಾತಿಯನ್ನು ಸುಪ್ರೀಂ ಕೋರ್ಟ್ 1989ರಲ್ಲಿ ರದ್ದು ಮಾಡಿದಾಗ ಹೇಳಿದ್ದು: ಸಮಾಜದಲ್ಲಿ ಭೇದವಿತ್ತು ಎಂಬ ಸಾಮಾನ್ಯ ಮಾತು ಸಾಲದು, ನಿರ್ದಿಷ್ಟ ಹಾನಿಯ ಪುರಾವೆ ಬೇಕು. ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗ ನೋಡಬಾರದೆಂಬ 2023ರ ತೀರ್ಪಿನ ಬಳಿಕ ಆ ಬಾಗಿಲು ಇನ್ನೂ ಕಿರಿದಾಗಿದೆ.

ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ಇಲಿನಾಯ್ ರಾಜ್ಯದ ಇವಾನ್‌ಸ್ಟನ್ ನಗರ 2021ರಲ್ಲಿ, 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳು ಮತ್ತು ಅವರ ಸಂತತಿಗೆ ಮನೆ ಕೊಳ್ಳಲು, ರಿಪೇರಿಗೆ ತಲಾ 25,000 ಡಾಲರ್ ಕೊಡಲು ಆರಂಭಿಸಿತು. ಹಣ ಬಂದದ್ದು ಗಾಂಜಾ ಮಾರಾಟದ ತೆರಿಗೆಯಿಂದ. 2024ರಲ್ಲಿ ಅದರ ಮೇಲೆ ಫೆಡರಲ್ ಕೋರ್ಟಿನಲ್ಲಿ ದಾವೆ ಬಿತ್ತು. ವಾಷಿಂಗ್ಟನ್ ರಾಜ್ಯ 2023ರ ಕಾಯ್ದೆಯಲ್ಲಿ ಆಸ್ತಿ ದಾಖಲೆ ನೋಂದಣಿಗೆ 100 ಡಾಲರ್ ಶುಲ್ಕ ಸೇರಿಸಿ ನಿಧಿ ಕಟ್ಟಿತು. ಹಣ ಕೊಡುವ ಮೊದಲು ಅಧ್ಯಯನ ಮಾಡಿಸಿ, ಕ್ರಯಪತ್ರದ ಜನಾಂಗೀಯ ಷರತ್ತುಗಳಲ್ಲಿ ಸರ್ಕಾರದ ಪಾತ್ರವೇನು, ಯಾವ ಗುಂಪುಗಳಿಗೆ ಏಟು ಬಿತ್ತು ಎಂದು ದಾಖಲಿಸಿತು. 1968ರ ಏಪ್ರಿಲಿಗೆ ಮುನ್ನ ರಾಜ್ಯದಲ್ಲಿದ್ದು ಏಟು ತಿಂದ ಗುಂಪುಗಳವರು ಅಥವಾ ಅವರ ವಂಶಸ್ಥರು ಮೊದಲ ಮನೆ ಕೊಳ್ಳುವಾಗ, ಆದಾಯ ಮಿತಿಯೊಳಗಿದ್ದರೆ, ಸಾಲದ ರೂಪದ ನೆರವು ಸಿಗುತ್ತದೆ. ಪುರಾವೆ ಮೊದಲು, ಹಣ ಆಮೇಲೆ: ಈ ಕ್ರಮ ಮುಖ್ಯ.

ಫೆಡರಲ್ ಮಟ್ಟದಲ್ಲಿ 2025ರಲ್ಲಿ ಬಹಳ ಬದಲಾಗಿದೆ. ಸಮತೆಯ ಹಿಂದಿನ ಆದೇಶ ರದ್ದಾಯಿತು, ನ್ಯಾಯಯುತ ವಸತಿಯ ಯೋಜನೆ ಬರೆಯಬೇಕೆಂಬ ನಿಯಮ ಹೋಯಿತು, ಅಸಮಾನ ಪರಿಣಾಮದ (ಎಲ್ಲರಿಗೂ ಒಂದೇ ನಿಯಮವಿದ್ದರೂ ಒಂದು ಜನಾಂಗಕ್ಕೆ ಹೆಚ್ಚು ಪೆಟ್ಟು ಬೀಳುವುದು) ಆಧಾರದ ಕ್ರಮಗಳಿಂದ ಹಿಂದೆ ಸರಿಯಿರಿ ಎಂದು ಏಪ್ರಿಲಿನಲ್ಲಿ ಇಲಾಖೆಗಳಿಗೆ ಆದೇಶ ಬಂತು. ಆದರೆ ಅಧ್ಯಕ್ಷರ ಆದೇಶದಿಂದ 1968ರ ಕಾಯ್ದೆ ಬದಲಾಗುವುದಿಲ್ಲ. ಉದ್ದೇಶ ಸಾಬೀತಾಗದಿದ್ದರೂ ಅಸಮಾನ ಪರಿಣಾಮದ ಮೇಲೆ ಆ ಕಾಯ್ದೆಯಡಿ ದಾವೆ ಹೂಡಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಟೆಕ್ಸಸ್ ಪ್ರಕರಣದಲ್ಲಿ ಹೇಳಿದೆ. ನ್ಯಾಯಯುತ ವಸತಿಯನ್ನು ಮುಂದುವರಿಸುವ ಕರ್ತವ್ಯವನ್ನು ಕ್ಯಾಲಿಫೋರ್ನಿಯಾ 2018ರಲ್ಲೇ ತನ್ನ ಕಾನೂನಿಗೆ ಸೇರಿಸಿಕೊಂಡಿದೆ. ಝೋನಿಂಗ್, ಬಾಡಿಗೆದಾರರ ರಕ್ಷಣೆ, ತೆರಿಗೆ ಮೌಲ್ಯಮಾಪನದಂಥ ಕೆಲಸಗಳು ಯಾರಿಗೂ ಜನಾಂಗ ನೋಡಿ ಕೊಡುವಂಥವಲ್ಲ. ಅವನ್ನು ನಿಲ್ಲಿಸಲು ಕಾರಣವಿಲ್ಲ. ಫೆಡರಲ್ ಅನುದಾನದ ಕರಾರಿನ ಹೊಸ ಷರತ್ತುಗಳನ್ನು ಮಾತ್ರ ನಗರದ ವಕೀಲರೊಂದಿಗೆ ಸಾಲುಸಾಲಾಗಿ ಓದಿ ಸಹಿ ಹಾಕಿ.

ಪ್ರಶ್ನೆ: ರಸ್ತೆ ಅಗಲೀಕರಣಕ್ಕೆ ಕೆಲವು ಬಾಡಿಗೆ ಕಟ್ಟಡಗಳನ್ನು ಕೆಡವಬೇಕಾಗಿದೆ. ಜನರನ್ನು ಸ್ಥಳಾಂತರಿಸುವಾಗ ಯಾವ ತಪ್ಪು ಮಾಡಬಾರದು?

ಉತ್ತರ: ಮೊದಲು, ರಸ್ತೆಯ ದಾರಿಯೇ ಸರಿಯೇ ಎಂದು ಮತ್ತೆ ನೋಡಿ. ಸೇಂಟ್ ಪಾಲ್ ನಗರದ ರಾಂಡೊ, ಡೆಟ್ರಾಯ್ಟಿನ ಬ್ಲ್ಯಾಕ್ ಬಾಟಮ್, ನ್ಯೂ ಆರ್ಲಿಯನ್ಸಿನ ಕ್ಲೇಬೋರ್ನ್ ಅವೆನ್ಯೂ, ಹೀಗೆ ಕಪ್ಪು ಜನರ ಎಷ್ಟೋ ಬಡಾವಣೆಗಳ ನಡುವೆ ಹೆದ್ದಾರಿ ಹಾಯ್ದದ್ದು ಅಲ್ಲಿ ಜಾಗ ಅಗ್ಗ, ವಿರೋಧಿಸುವ ಶಕ್ತಿ ಕಡಿಮೆ ಎಂಬ ಲೆಕ್ಕದಲ್ಲಿ.

ಅನಿವಾರ್ಯವಾದರೆ, ಫೆಡರಲ್ ಹಣವಿರುವ ಯೋಜನೆಗೆ 1970ರ ಏಕರೂಪ ಸ್ಥಳಾಂತರ ಕಾಯ್ದೆ ಅನ್ವಯಿಸುತ್ತದೆ. ಮನೆ ಬಿಡಲು ಕನಿಷ್ಠ 90 ದಿನದ ಲಿಖಿತ ಸೂಚನೆ, ಹೋಲುವ ಬೇರೆ ಮನೆ ತೋರಿಸುವುದು, ಸಾಗಣೆ ವೆಚ್ಚ, ಹೊಸ ಮನೆಯ ಬಾಡಿಗೆ ಹೆಚ್ಚಿದ್ದರೆ 42 ತಿಂಗಳ ಲೆಕ್ಕದಲ್ಲಿ ವ್ಯತ್ಯಾಸದ ನೆರವು. ಬಡ ಬಾಡಿಗೆದಾರರು ಇದನ್ನು ಕಳೆದುಕೊಳ್ಳುವುದು ಹೇಗೆ ಗೊತ್ತೆ? ಕೆಡವುತ್ತಾರಂತೆ ಎಂಬ ಸುದ್ದಿ ಕೇಳಿ ಹೆದರಿ, ಅರ್ಹತೆಯ ಸೂಚನೆ ಕೈಗೆ ಬರುವ ಮೊದಲೇ ಮನೆ ಬಿಟ್ಟು ಹೋಗುತ್ತಾರೆ. ಹಾಗೆ ಹೋದವರಿಗೆ ಸಾಮಾನ್ಯವಾಗಿ ಪರಿಹಾರದ ಹಕ್ಕು ಉಳಿಯುವುದಿಲ್ಲ. ಯೋಜನೆ ಪ್ರಕಟವಾಗುವ ಹೊತ್ತಿಗೇ ಸಿಬ್ಬಂದಿ ಮನೆಮನೆಗೆ ಹೋಗಿ, ‘ಈಗ ಬಿಡಬೇಡಿ, ಬಿಟ್ಟರೆ ಹಣ ತಪ್ಪುತ್ತದೆ’ ಎಂದು ಅವರ ಭಾಷೆಯಲ್ಲಿ ಬರೆದ ಕಾಗದ ಕೊಡಬೇಕು. ಯಾರಿದ್ದಾರೆಂದು ಅದೇ ಭೇಟಿಯಲ್ಲಿ ಪಟ್ಟಿ ಮಾಡಿ. ಗುತ್ತಿಗೆಯಲ್ಲಿ ಹೆಸರಿಲ್ಲದೆ ಜೊತೆಗಿರುವವರನ್ನೂ ಸೇರಿಸಿ.

ಯೋಜನೆ ರಾಜ್ಯದ ಅಥವಾ ನಗರದ ಹಣದ್ದೇ ಆಗಿದ್ದರೆ ಈ ಕಾಯ್ದೆ ತಾನಾಗಿ ಬರುವುದಿಲ್ಲ. ಆಗ ಇದೇ ಮಟ್ಟದ ಪರಿಹಾರವನ್ನು ಕೌನ್ಸಿಲ್ ನಿರ್ಣಯದಿಂದ ಸೇರಿಸಿಕೊಳ್ಳಿ.

ಪ್ರಶ್ನೆ: ಹೊಸ ಮನೆಗಳ ಮಾತೇ ಹೆಚ್ಚಾಯಿತು. ಈಗಾಗಲೇ ಮನೆಯಿರುವ ಹಳೆಯ ಕಪ್ಪು ಕುಟುಂಬಗಳು ಅದನ್ನು ಕಳೆದುಕೊಳ್ಳದಂತೆ ಏನು ಮಾಡಬಹುದು?

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ. ಹೊಸದಾಗಿ ಒಬ್ಬರನ್ನು ಮನೆಯ ಮಾಲೀಕರನ್ನಾಗಿ ಮಾಡುವ ವೆಚ್ಚಕ್ಕಿಂತ ಇರುವ ಮನೆ ಉಳಿಸಿಕೊಡುವ ವೆಚ್ಚ ಎಷ್ಟೋ ಕಡಿಮೆ, ಆದರೂ ಕಚೇರಿಗಳ ಗಮನ ಇತ್ತ ಬೀಳುವುದಿಲ್ಲ.

ಕೌಂಟಿಯ ತೆರಿಗೆ ಮೌಲ್ಯಮಾಪನದಿಂದ ಶುರುಮಾಡಿ. ಕಳೆದ ವರ್ಷ ಮಾರಾಟವಾದ ಪ್ರತಿ ಮನೆಗೂ ಕೌಂಟಿ ಕಟ್ಟಿದ ಮೌಲ್ಯವನ್ನು ಮಾರಾಟದ ಬೆಲೆಯಿಂದ ಭಾಗಿಸಿ, ಆ ಅನುಪಾತಗಳ ಸರಾಸರಿ ತೆಗೆಯಿರಿ. ಇನ್ನೊಂದು ಕಡೆ ಎಲ್ಲ ಮೌಲ್ಯಗಳ ಮೊತ್ತವನ್ನು ಎಲ್ಲ ಬೆಲೆಗಳ ಮೊತ್ತದಿಂದ ಭಾಗಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ಅಂಕಿ 0.98ರಿಂದ 1.03ರ ಒಳಗಿರಬೇಕೆಂಬುದು ಮೌಲ್ಯಮಾಪಕರ ವೃತ್ತಿಯ ಒಪ್ಪಿತ ಮಾನದಂಡ. 1.03 ದಾಟಿದರೆ ಅಗ್ಗದ ಮನೆಗಳವರು ಪಾಲಿಗೆ ಮೀರಿ ತೆರಿಗೆ ಕಟ್ಟುತ್ತಿದ್ದಾರೆ, ದುಬಾರಿ ಮನೆಗಳವರು ಕಡಿಮೆ ಕಟ್ಟುತ್ತಿದ್ದಾರೆ. ಷಿಕಾಗೋ ಇರುವ ಕುಕ್ ಕೌಂಟಿಯಲ್ಲಿ ವರ್ಷಗಟ್ಟಲೆ ಹೀಗೇ ನಡೆದಿತ್ತು. ಮೇಲ್ಮನವಿಯಿಂದ ಇದು ಸರಿಹೋಗುವುದಿಲ್ಲ. ಮೇಲ್ಮನವಿ ಹಾಕುವವರು ವಕೀಲರನ್ನಿಟ್ಟುಕೊಳ್ಳಬಲ್ಲವರು, ಆದ್ದರಿಂದ ಅಂತರ ಇನ್ನೂ ಹಿಗ್ಗುತ್ತದೆ. ಲೆಕ್ಕ ಹಾಕುವ ಮಾದರಿಯನ್ನೇ ತಿದ್ದಬೇಕು.

ಎರಡನೆಯದು ತೆರಿಗೆ ಬಾಕಿಗೆ ಮನೆ ಹರಾಜಾಗುವುದು. ಬಾಕಿ ಕಳೆದು ಉಳಿದ ಹಣ ಮಾಲೀಕರದ್ದು, ಸರ್ಕಾರ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೆನ್ನೆಪಿನ್ ಕೌಂಟಿಯ ಪ್ರಕರಣದಲ್ಲಿ ಒಮ್ಮತದಿಂದ ಹೇಳಿತು. ಅಲ್ಲಿ 15,000 ಡಾಲರ್ ಬಾಕಿಗೆ 40,000ಕ್ಕೆ ಮಾರಿ ಮಿಕ್ಕಿದ 25,000ವನ್ನು ಕೌಂಟಿ ಇಟ್ಟುಕೊಂಡಿತ್ತು. ಹರಾಜಿಗೆ ಬಹಳ ಮುಂಚೆಯೇ ಆದಾಯಕ್ಕೆ ತಕ್ಕ ಕಂತು ಕಟ್ಟುವ ಅವಕಾಶ ಕೊಡಿ.

ಮೂರನೆಯದು ಉಯಿಲಿಲ್ಲದೆ ಪಾಲುದಾರರಿಗೆ ಬಂದ ಆಸ್ತಿ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಕುಟುಂಬಗಳು ನೆಲ ಕಳೆದುಕೊಂಡದ್ದು ಬಹುಮಟ್ಟಿಗೆ ಈ ದಾರಿಯಲ್ಲಿ. ದೂರದ ಒಬ್ಬ ಪಾಲುದಾರರಿಂದ ಸಣ್ಣ ಪಾಲು ಕೊಂಡ ಹೊರಗಿನವರು ಕೋರ್ಟಿಗೆ ಹೋಗಿ ಇಡೀ ಆಸ್ತಿಯನ್ನು ಹರಾಜಿಗೆ ತಂದು, ಅಗ್ಗಕ್ಕೆ ತಾವೇ ಕೂಗುತ್ತಾರೆ. 2010ರಲ್ಲಿ ಸಿದ್ಧವಾದ ಮಾದರಿ ಕಾಯ್ದೆಯೊಂದನ್ನು ಹಲವು ರಾಜ್ಯಗಳು ಒಪ್ಪಿವೆ. ಅದರ ಪ್ರಕಾರ ಮೌಲ್ಯಮಾಪನ ಆಗಬೇಕು, ಮಾರಾಟ ಕೇಳಿದವರ ಪಾಲನ್ನು ಕೊಳ್ಳಲು ಮನೆಯವರಿಗೆ ಮೊದಲ ಅವಕಾಶ, ಮಾರಲೇಬೇಕಾದರೆ ತೆರೆದ ಮಾರುಕಟ್ಟೆಯಲ್ಲಿ. ನಿಮ್ಮ ರಾಜ್ಯ ಒಪ್ಪಿದೆಯೇ ನೋಡಿ. ನಗರದ ರಿಪೇರಿ ಅನುದಾನಕ್ಕೆ ‘ಸ್ಪಷ್ಟ ಹಕ್ಕುಪತ್ರ’ ಕೇಳುವ ನಿಯಮವಿದ್ದರೆ, ತೆರಿಗೆ ರಸೀದಿ ಮತ್ತು ಪ್ರಮಾಣಪತ್ರವನ್ನೂ ಒಪ್ಪುವಂತೆ ಬದಲಿಸಿ. ವಿಪತ್ತು ಪರಿಹಾರದಲ್ಲಿ ಫೆಡರಲ್ ಸಂಸ್ಥೆಯೇ 2021ರಲ್ಲಿ ಹೀಗೆ ಸಡಿಲಿಸಿದೆ.

ಪ್ರಶ್ನೆ: ವಿಚಾರಣಾ ಸಭೆಗೆ ಬರುವವರೆಲ್ಲ ವಿರೋಧಿಸುವವರೇ. ಜನರ ಮಾತು ಮೀರಿ ನಡೆಯುವುದು ಹೇಗೆ?

ಉತ್ತರ: ಸಭೆಗೆ ಬಂದವರೇ ಜನರಲ್ಲ. ಮ್ಯಾಸಚೂಸೆಟ್ಸ್‌ನ ಊರುಗಳ ಸಭಾ ನಡಾವಳಿ ಹಿಡಿದು ನಡೆಸಿದ ಅಧ್ಯಯನದಲ್ಲಿ, ಮಾತಾಡಿದವರು ಊರಿನ ಉಳಿದವರಿಗಿಂತ ವಯಸ್ಸಾದವರು, ಸ್ವಂತ ಮನೆಯವರು ಎಂಬುದೂ, ಬಹುಪಾಲು ಹೊಸ ವಸತಿಯ ವಿರೋಧಿಗಳು ಎಂಬುದೂ ಕಂಡುಬಂತು. ಹೊಸ ಮನೆಗೆ ಬರಬೇಕಾದವರು ಇನ್ನೂ ಊರಿಗೇ ಬಂದಿರುವುದಿಲ್ಲ. ನಿಯಮ ಬರೆಯುವ ಹಂತದಲ್ಲಿ ಎಲ್ಲರ ಮಾತು ಕೇಳಿ: ಚರ್ಚ್, ಶಾಲೆ, ಬಸ್ ನಿಲ್ದಾಣಕ್ಕೆ ಹೋಗಿ, ಸಂಜೆ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೊಂದಿಗೆ, ದುಭಾಷಿಗಳನ್ನಿಟ್ಟು, ಬಂದವರ ಸಮಯಕ್ಕೆ ಹಣ ಕೊಟ್ಟು. ಬಳಿಕ ನಿಯಮಕ್ಕೆ ಒಪ್ಪುವ ಕಟ್ಟಡಕ್ಕೆ ಸಿಬ್ಬಂದಿ ಮಟ್ಟದಲ್ಲೇ ಅನುಮತಿ ಸಿಗಲಿ. ಪ್ರತಿ ಕಟ್ಟಡಕ್ಕೂ ಮತ್ತೊಂದು ವಿಚಾರಣೆ ಬೇಡ.

ಪ್ರಶ್ನೆ: ಬಾಡಿಗೆ ವೋಚರ್ ಇದ್ದರೂ ಮನೆ ಸಿಗುವುದಿಲ್ಲವೇಕೆ?

ಉತ್ತರ: ವೋಚರ್ ಎಂದರೆ ಕುಟುಂಬ ಆದಾಯದ ಸುಮಾರು 30% ಕಟ್ಟುತ್ತದೆ, ಮಿತಿಯೊಳಗಿನ ಉಳಿದದ್ದನ್ನು ಸರ್ಕಾರ ಕಟ್ಟುತ್ತದೆ. ಮಾಲೀಕರು ಅದನ್ನು ನಿರಾಕರಿಸುವುದನ್ನು ಫೆಡರಲ್ ಕಾಯ್ದೆ ಸಾಮಾನ್ಯವಾಗಿ ತಡೆಯುವುದಿಲ್ಲ. ಹಲವು ರಾಜ್ಯ, ನಗರಗಳು ಸ್ವಂತ ಕಾನೂನಿನಿಂದ ತಡೆದಿವೆ, ನಿಮ್ಮದೂ ತಡೆಯಬಹುದು. ಕಾನೂನಿನ ಜೊತೆ ಕೈಹಿಡಿದು ನಡೆಸುವ ನೆರವೂ ಬೇಕು. ಸಿಯಾಟಲ್ ಮತ್ತು ಕಿಂಗ್ ಕೌಂಟಿಯ ಪ್ರಯೋಗದಲ್ಲಿ ಮನೆ ಹುಡುಕಲು ಸಿಬ್ಬಂದಿ, ಮುಂಗಡ ಠೇವಣಿಗೆ ಹಣ, ಮಾಲೀಕರೊಂದಿಗೆ ಮಾತುಕತೆ, ಬೇಗ ತಪಾಸಣೆ ಇಷ್ಟನ್ನು ಒದಗಿಸಿದಾಗ ಒಳ್ಳೆಯ ಅವಕಾಶಗಳಿರುವ ಬಡಾವಣೆಗೆ ಹೋದವರ ಪಾಲು 15%ರಿಂದ 53%ಕ್ಕೆ ಏರಿತು. ಬಾಡಿಗೆ ಮಿತಿಯನ್ನು ಇಡೀ ಮಹಾನಗರಕ್ಕೆ ಒಂದೇ ಇಡದೆ ಪಿನ್ ಕೋಡ್‌ವಾರು ಇಡಿ.

ಪ್ರಶ್ನೆ: ನಾವು ಕೊಂಡ ಮನೆಯ ಹಳೆಯ ಪತ್ರದಲ್ಲಿ ‘ಬಿಳಿಯರಲ್ಲದವರು ವಾಸಿಸಬಾರದು’ ಎಂದಿದೆ. ಇದಕ್ಕೆ ಈಗ ಬೆಲೆ ಇದೆಯೇ?

ಉತ್ತರ: ಇಲ್ಲ. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲವೆಂದು 1948ರಲ್ಲೇ ತೀರ್ಪು ಬಂತು, 1968ರ ಕಾಯ್ದೆಯಿಂದ ಅದು ಪೂರ್ತಿ ಕಾನೂನುಬಾಹಿರವಾಯಿತು. ಹಲವು ರಾಜ್ಯಗಳಲ್ಲಿ ಕೌಂಟಿ ನೋಂದಣಿ ಕಚೇರಿಗೆ ಅರ್ಜಿ ಕೊಟ್ಟು ತೆಗೆಸಬಹುದು. ಅಧಿಕಾರಿಗಳಿಗೆ ಒಂದು ಮನವಿ: ಮೂಲ ಪ್ರತಿಯನ್ನು ಅಳಿಸಬೇಡಿ, ಪ್ರತ್ಯೇಕವಾಗಿ ಕಾಪಿಡಿ. ವಾಷಿಂಗ್ಟನ್ ರಾಜ್ಯದ ನೆರವಿನ ಹಿಂದೆ ಇದ್ದದ್ದು ಇಂಥ ದಾಖಲೆಗಳೇ.

ಪ್ರಶ್ನೆ: ನಮ್ಮದು ಸಣ್ಣ ಊರು. ಯೋಜನಾ ಇಲಾಖೆಯಲ್ಲಿ ಮೂವರಿದ್ದೇವೆ, ಹೊಸ ಹಣವಿಲ್ಲ. ಎಲ್ಲಿಂದ ತೊಡಗಲಿ?

ಉತ್ತರ: ಹಣ ಬೇಡದ ಕೆಲಸಗಳಿಂದ. ಊರಿನ ಸಂಹಿತೆಯನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಓದಿ, ಮೂರು ಬಗೆಯ ಸಾಲುಗಳಿಗೆ ಗುರುತು ಹಾಕಿ. ಒಂದು, ಕನಿಷ್ಠ ಸೈಟು, ಕನಿಷ್ಠ ಮನೆಯ ಅಳತೆ, ಪಾರ್ಕಿಂಗ್. ಎರಡು, ‘ಕುಟುಂಬ’ ಯಾರೆಂಬ ವ್ಯಾಖ್ಯೆ: ಅತ್ತೆ, ಮಾವ, ಸೋದರರ ಸಂಸಾರ ಕೂಡಿ ಬಾಳುವವರನ್ನು ಅದು ಹೊರಗಿಡುತ್ತದೆಯೇ ನೋಡಿ. ಮೂರು, ‘ಅಪರಾಧಮುಕ್ತ ಬಾಡಿಗೆ’ ಎಂಬ ಹೆಸರಿನ ನಿಯಮಗಳು: ಪೊಲೀಸರಿಗೆ ಕರೆ ಹೋದರೆ ಸಾಕು, ಬಾಡಿಗೆದಾರರನ್ನು ಮನೆ ಬಿಡಿಸು ಎನ್ನುವಂಥವು. ಕ್ಯಾಲಿಫೋರ್ನಿಯಾದ ಹೆಸ್ಪೀರಿಯಾ ನಗರದ ಇಂಥ ನಿಯಮ ಕಪ್ಪು ಮತ್ತು ಲ್ಯಾಟಿನೊ ಬಾಡಿಗೆದಾರರನ್ನು ಗುರಿ ಮಾಡಿತೆಂದು ಫೆಡರಲ್ ನ್ಯಾಯ ಇಲಾಖೆ 2019ರಲ್ಲಿ ದಾವೆ ಹೂಡಿತು. 2022ರಲ್ಲಿ ನಗರ ರಾಜಿಗೆ ಬಂತು. ನಿಮ್ಮಲ್ಲಿದ್ದರೆ ಈ ವರ್ಷವೇ ರದ್ದತಿಯ ಪ್ರಸ್ತಾವ ಮಂಡಿಸಿ.

ಆಮೇಲೆ ನಗರದ ಹೆಸರಿನಲ್ಲಿರುವ ಖಾಲಿ ಜಾಗಗಳ ಪಟ್ಟಿ ಮಾಡಿ. ಹೆಚ್ಚು ಬೆಲೆ ಕೂಗಿದವರಿಗೆ ಮಾರುವ ಬದಲು ಸಮುದಾಯ ಭೂ ಟ್ರಸ್ಟಿಗೆ ಕೊಡಬಹುದು. ನೆಲ ಟ್ರಸ್ಟಿನದಾಗಿಯೇ ಉಳಿದು, ಮನೆ ಮಾತ್ರ ಕುಟುಂಬಕ್ಕೆ 99 ವರ್ಷದ ಗುತ್ತಿಗೆಯೊಂದಿಗೆ ಸೇರುತ್ತದೆ. ಮುಂದೆ ಮಾರುವಾಗಲೂ ಬೆಲೆ ಮಿತಿಯಲ್ಲೇ ಇರುತ್ತದೆ. ಜಾರ್ಜಿಯಾದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು 1969ರಲ್ಲಿ ಶುರುಮಾಡಿದ ವ್ಯವಸ್ಥೆ ಇದು. ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ಪ್ರದೇಶದ ನಿವಾಸಿಗಳ ಸಂಘಟನೆಗೆ ನಗರ 1988ರಲ್ಲಿ ಭೂಸ್ವಾಧೀನದ ಅಧಿಕಾರವನ್ನೇ ಕೊಟ್ಟಿತು.

ಪಟ್ಟಿ ಮಾಡುವಾಗ ಪ್ರತಿ ಜಾಗದ ಮುಂದೆ, ಅದು ನಗರಕ್ಕೆ ಯಾವಾಗ, ಯಾರಿಂದ, ಎಷ್ಟು ಬೆಲೆಗೆ ಬಂತು ಎಂಬ ಮೂರು ಕಲಮುಗಳನ್ನು ಸೇರಿಸಿ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಉದ್ಯಾನದ ನೆಪ ಹೇಳಿ 1924ರಲ್ಲಿ ಕಪ್ಪು ದಂಪತಿಯಿಂದ ಸ್ವಾಧೀನಕ್ಕೆ ತೆಗೆದುಕೊಳ್ಳಲು ಹೊರಟ ಕಡಲತೀರದ ಜಾಗವನ್ನು ಲಾಸ್ ಏಂಜಲಿಸ್ ಕೌಂಟಿ 2022ರಲ್ಲಿ ಅವರ ವಂಶಸ್ಥರಿಗೆ ಮರಳಿಸಲು ಸಾಧ್ಯವಾದದ್ದು, ಆ ವಿವರ ಸರ್ಕಾರಿ ದಾಖಲೆಯಲ್ಲಿ ಉಳಿದಿದ್ದರಿಂದ.